ಕೆಂಪು ಕೋಟಿನ ಸರದಾರನ ಬೆನ್ನಿಗೆ ಮೂರು ಕಾಳು ಬಂಗಾರ

ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ನಿಮ್ಮ ಮನೆಯ ಹಿರಿಯರ ಮೇಲೆ ಊರು ಒಂದು ಮಾತು ಹೊರಿಸಿರುತ್ತದೆ. ಅದು ಸುಳ್ಳು ಅಂತ ನಿಮಗೆ ಗೊತ್ತು. ಸುಳ್ಳು ಅಂತ ತೋರಿಸುವ ವಸ್ತುವೂ ಇದೆ. ಆದರೆ ಆ ವಸ್ತು ಸಮುದ್ರದಾಚೆ ಯಾರದೋ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದೆ. ಆಗಿದ್ದರೆ ನನ್ನ ಸಂಕಟ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆಗಿಲ್ಲದಿದ್ದರೆ ಪುಣ್ಯವಂತರು, ಸುಮ್ಮನೆ ಓದಿ.

ಹೊನ್ನಾಳಿಯಲ್ಲಿ ಬ್ಲೌಸ್ ಹೊಲಿಯುವ ನಾನು ಇಂಗ್ಲೆಂಡಿಗೆ ಹೋಗಿ ಬಂದೆ. ಯಾಕೆ ಹೋದೆ, ಏನು ನೋಡಿದೆ ಅಂತ ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ. ಅಳತೆ ತೆಗೆಯುತ್ತಾ ಎಷ್ಟು ಸಲ ಹೇಳಲಿ? ಒಂದೇ ಸಲ ಇಲ್ಲಿ ಬರೆದುಬಿಡುತ್ತೇನೆ.

ಹೊರಡುವ ಮುಂಚೆ, ನ್ಯಾಮತಿ

ಮೊದಲು ನಮ್ಮ ಅಜ್ಜನ ವಿಷಯ. ನಮ್ಮವ್ವನ ಅಪ್ಪ, ಮೌನಾಚಾರಿ, ನ್ಯಾಮತಿಯಲ್ಲಿ ಅಕ್ಕಸಾಲಿ. ಸಾವಿರದ ಒಂಬೈನೂರ ನಲವತ್ತರ ಆಚೀಚೆ, ಯುದ್ಧದ ಕಾಲ. ಅವ್ವನಿಗೆ ಆಗ ಏಳು ವರ್ಷ. ನಮ್ಮ ಕಡೆಯ ಗುಡ್ಡಗಳಲ್ಲಿ ಚಿನ್ನದ ಅದಿರು ಹುಡುಕಿಕೊಂಡು ಒಬ್ಬ ಇಂಗ್ಲಿಷ್ ದೊರೆ ಬಂದಿದ್ದ. ಅವನ ಹೆಂಡತಿ ದೊರೆಸಾನಿಯ ಹತ್ತಿರ ಒಂದು ಪದಕವಿತ್ತು. ಎರಡು ಹೆಬ್ಬೆರಳು ಜೋಡಿಸಿದರೆ ಎಷ್ಟಾಗುತ್ತದೋ ಅಷ್ಟೇ ಅಗಲ. ಅದರಲ್ಲಿ ಒಂದು ಮುಖ. ಅವರ ವಂಶದ ಯಾರೋ ಹಿರಿಯ, ಹದಿನೆಂಟನೇ ಶತಮಾನದ ದಂಡಿನ ಸರದಾರ. ಕೆಂಪು ಕೋಟು, ಹೆಗಲ ಮೇಲೆ ಜರಿ, ಬೆಳ್ಳಗೆ ಸುರುಳಿ ಮಾಡಿದ ಕೂದಲು.

ಅದು ಕಾಗದದ ಚಿತ್ರವಲ್ಲ. ತಾಮ್ರದ ತಗಡಿನ ಮೇಲೆ ಗಾಜಿನ ಪುಡಿಯ ಬಣ್ಣದಲ್ಲಿ ಬರೆದು, ಕುಲುಮೆಯಲ್ಲಿ ಸುಟ್ಟು ಮಾಡಿದ್ದು. ನಮ್ಮವರು ಮೀನಾ ಕೆಲಸ ಅನ್ನುತ್ತಾರಲ್ಲ, ಅದರ ಅಣ್ಣ ಅನ್ನಿ. ಸುತ್ತ ಬಂಗಾರದ ಕಟ್ಟು, ಹಿಂದೆ ಬಂಗಾರದ ಮುಚ್ಚಳ. ಆ ಮುಚ್ಚಳ ಬಿರುಕು ಬಿಟ್ಟು ಚೂರಾಗಿತ್ತು, ಸರ ಪೋಣಿಸುವ ಮೇಲಿನ ಬಳೆಯೂ ಮುರಿದಿತ್ತು. ಅವರ ಬಂಗಲೆಯ ಅಡುಗೆಯವನು ಅದನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದು ಅಜ್ಜನ ಕೈಗೆ ಕೊಟ್ಟ. ಇದೇ ಬಂಗಾರ ಕರಗಿಸಿ ಹೊಸ ಮುಚ್ಚಳ ಮಾಡಬೇಕು ಅಂತ ದೊರೆಸಾನಿಯ ಅಪ್ಪಣೆ.

ಅದು ಮನೆಗೆ ಬಂದ ಮೂರನೇ ದಿನಕ್ಕೆ ಹಿರೇರ ಹಬ್ಬ. ಮಾರ್ನಮಿ ಅಮಾಸೆಗೆ ನಾವು ಸತ್ತ ಹಿರಿಯರಿಗೆ ಎಡೆ ಇಡುತ್ತೇವಲ್ಲ, ಅದು. ನಮ್ಮಜ್ಜಿ ಐದು ಎಡೆಯ ಪಕ್ಕ ಆರನೆಯದೊಂದು ಬಾಳೆಲೆ ಹಾಕಿದಳು. ಎಲೆಯ ಮುಂದೆ ಸರದಾರನನ್ನು ಒರಗಿಸಿ ಕೂರಿಸಿದಳು. ಅಜ್ಜ ಇದೇನು ಅಂತ ಕೇಳಿದ್ದಕ್ಕೆ ಅವಳು ಹೇಳಿದ್ದನ್ನು ಅವ್ವ ಇವತ್ತಿಗೂ ಹಾಗೇ ಹೇಳುತ್ತಾಳೆ.

"ಸತ್ತೋರ ಪಟ ಮನೇಲೈತೆ. ಇವತ್ತಿನ ದಿನ ಅವ್ರನ್ನ ಉಪಾಸ ಕೂರ್ಸಾಕೆ ಆಗ್ತದೇನು?"

"ಅವ್ರು ಬ್ಯಾರೆ ದೇಶದೋರು ಕಣೆ. ಹೋಳಿಗೆ ಅಂದ್ರೆ ಏನಂತ ಗೊತ್ತಿಲ್ಲ ಅವ್ರಿಗೆ."

"ತಿಂದ್ರೆ ಗೊತ್ತಾಗ್ತದೆ."

ಹೋಳಿಗೆ, ವಡೆ, ಕೋಸಂಬರಿ ಎಲ್ಲ ಬಡಿಸಿ, ಕುಂಕುಮ ಕಲಸಿ ಸರದಾರನ ಹಣೆಗೆ ಉದ್ದಕ್ಕೆ ಎಳೆದೂ ಬಿಟ್ಟಳು. ಮಾರನೇ ದಿನ ಬೆಳಕಿನಲ್ಲಿ ನೋಡಿದ ಅಜ್ಜನ ಜೀವ ಬಾಯಿಗೆ ಬಂತಂತೆ. ದೊರೆಸಾನಿಯ ಮುತ್ತಾತನ ಮುಖವೆಲ್ಲ ಕೆಂಪು. ಬೇರೆ ದಾರಿಯಿಲ್ಲದೆ ಅಂಟುವಾಳದ ನೊರೆಯಲ್ಲಿ ತೊಳೆದ. ಮುಖಕ್ಕಾಗಲಿ ಕೋಟಿನ ಒಂದು ಗುಂಡಿಗಾಗಲಿ ಏನೂ ಆಗಲಿಲ್ಲ. "ಬೆಂಕಿ ಉಂಡ ಬಣ್ಣ, ನೀರಿಗೆ ಹೆದರಲ್ಲ" ಅಂದನಂತೆ. ಮೌನಾಚಾರಿ ಒಂದು ವಾರಕ್ಕೆ ಆಡುವಷ್ಟು ಮಾತು ಅದು.

ಈಗ ಕೆಲಸದ ವಿಷಯ. ಗಿರಾಕಿಯ ಬಂಗಾರದಲ್ಲಿ ಕೆಲಸ ಮುಗಿದ ಮೇಲೆ ಸಾಸಿವೆಯಷ್ಟು ಚೂರು ಉಳಿಯುತ್ತದೆ. ಉಳಿದ ಅಕ್ಕಸಾಲಿಗಳು ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ನಮ್ಮಜ್ಜ ಹಾಗೆ ಮಾಡುತ್ತಿರಲಿಲ್ಲ. ಕಾಗದ ಕಳೆದುಹೋಗುತ್ತದೆ, ಆಮೇಲೆ ಅನುಮಾನ ಉಳಿಯುತ್ತದೆ ಅನ್ನುವುದು ಅವನ ಲೆಕ್ಕ. ಚೂರನ್ನು ಕರಗಿಸಿ ಮೂರು ಕಾಳು ಮಾಡಿ, ಒಡವೆಯ ಒಳಮೈಗೆ, ಯಾರಿಗೂ ಕಾಣದ ಕಡೆ, ಒಲೆಯ ಮೂರು ಗುಂಡಿನ ಹಾಗೆ ಬೆಸೆದುಬಿಡುತ್ತಿದ್ದ. ನಿಮ್ಮ ಬಂಗಾರ ನಿಮ್ಮ ಒಡವೆಯಲ್ಲೇ. ಅವ್ವನ ಬೆಂಡೋಲೆಯ ಹಿಂಬದಿಯಲ್ಲೂ ಆ ಮೂರು ಕಾಳು ಇವೆ.

ಸರದಾರನ ಮುಚ್ಚಳಕ್ಕೂ ಹಾಗೇ ಮಾಡಿದ. ಪದಕ ವಾಪಸು ಹೋಯಿತು. ಆದರೆ ಅಡುಗೆಯವನು ಮುಚ್ಚಳ ಮುಟ್ಟಿ ನೋಡಿ, ಮೊದಲು ದಪ್ಪಗಿತ್ತು ಈಗ ತೆಳ್ಳಗಾಗಿದೆ ಅಂತ ಊರಲ್ಲೆಲ್ಲ ಹೇಳಿದ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತ ಗಾದೆ ಮೊದಲೇ ಇದೆ, ಇನ್ನೇನು ಬೇಕು? ಪೇಟೆಯಲ್ಲಿ ನಾಲ್ಕು ಜನ ಕೇಳಿದಾಗ ಅಜ್ಜ ಹೇಳಿದ್ದು ಇಷ್ಟೇ: "ಒಳಗೈತೆ. ತೆಗೆದು ನೋಡ್ರಿ." ತೆಗೆದು ನೋಡುವುದು ಎಲ್ಲಿಂದ ಬಂತು? ಅಷ್ಟರಲ್ಲಿ ದೊರೆ ದೊರೆಸಾನಿ ಪೆಟ್ಟಿಗೆ ಕಟ್ಟಿಕೊಂಡು ಊರು ಬಿಟ್ಟಾಗಿತ್ತು.

ಆಮೇಲೆ ಊರಿಗೆ ಅದೊಂದು ಆಟವಾಯಿತು. ಯಾರ ಕೋಳಿ ಕಳೆದರೂ, ಯಾರ ಕೊಡಪಾನ ಕಾಣದಿದ್ದರೂ, "ಮೌನಾಚಾರಿ ಹೇಳ್ದಂಗೆ, ಒಳಗೈತೆ ನೋಡ್ರಿ" ಅನ್ನುವುದು. ನ್ಯಾಮತಿಯಲ್ಲಿ ಯಾರೂ ಅವನ ಕೈಗೆ ಬಂಗಾರ ಕೊಡಲಿಲ್ಲ. ಚಿಮುಟ, ಊದುಗೊಳವೆ ಚೀಲಕ್ಕೆ ಹಾಕಿಕೊಂಡು ಅಜ್ಜ ಜಗಳೂರು ಸೀಮೆಗೆ ಹೋಗಿ, ಸೊಕ್ಕೆ ಕಡೆಯ ಹಳ್ಳಿಗಳಲ್ಲಿ ಪರರ ಜಗುಲಿ ಮೇಲೆ ಕೂತು ತಾಳಿ, ಓಲೆ ಮಾಡಿದ. ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದ. ಅವ್ವನನ್ನು ಚನ್ನಗಿರಿ ತಾಲೂಕಿಗೆ, ಸೂಳೆಕೆರೆ ಪಕ್ಕದ ಊರಿಗೆ ಕೊಟ್ಟಾಗ, ಅಪ್ಪ ಮಾಡಿಕೊಟ್ಟ ಬೆಂಡೋಲೆಯನ್ನು ಬೀಗರು ಪೇಟೆಗೆ ಕಳಿಸಿ ತೂಗಿಸಿ ತರಿಸಿದರು. ಸರಿ ಇತ್ತು. ಸರಿ ಇತ್ತು ಅಂತ ಯಾರೂ ಹೇಳಲಿಲ್ಲ, ಅಷ್ಟೇ. ಅವ್ವ ಅದನ್ನು ಎಪ್ಪತ್ತು ವರ್ಷದಿಂದ ಮರೆತಿಲ್ಲ.

ಹೋದ ವರ್ಷ ನಾನು ಇದನ್ನು ನನ್ನ ಪೇಜಿನಲ್ಲಿ ಎರಡು ಸಾಲು ಬರೆದಿದ್ದೆ. ಓದಿದ ಒಬ್ಬರು ಒಂದು ಫೋಟೊ ಕಳಿಸಿ, ಇವನೇನಾ ನಿಮ್ಮ ಸರದಾರ ಅಂತ ಕೇಳಿದರು. ಇಂಗ್ಲೆಂಡಿನ ಯಾವುದೋ ಚಿಕ್ಕ ಊರಿನ ಮ್ಯೂಸಿಯಂ. ಅವ್ವ ಈಗ ನನ್ನ ಜೊತೆ ಹೊನ್ನಾಳಿಯಲ್ಲೇ ಇರುತ್ತಾಳೆ. ತೊಂಬತ್ತರ ಹತ್ತಿರದ ಅವಳು ಕನ್ನಡಕ ಏರಿಸಿ ನೋಡಿದಳು. "ಇವ್ನೇ. ಗಿಣಿ ಮೂಗು ನೋಡು." ಫೋಟೊ ಮುಂದಿನದು ಮಾತ್ರ. ಹಿಂದಿನದು ಇರಲಿಲ್ಲ.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ನಮ್ಮಕ್ಕನ ಮಗಳು ಸಹನಾ ಬಸುರಿ. ಅಕ್ಕನಿಗೆ ಮಂಡಿ ಆಪರೇಷನ್. ಬಾಣಂತನಕ್ಕೆ ಯಾರು ಹೋಗುತ್ತೀರಿ ಅಂತ ಮಾತು ಬಂದಾಗ ನಾನು ಕತ್ತರಿ ಕೆಳಗಿಟ್ಟೆ. ಸಹನಾಳ ಊರಿನಿಂದ ಆ ಮ್ಯೂಸಿಯಂಗೆ ಬಸ್ಸಿನಲ್ಲಿ ಎರಡು ತಾಸು.

ಹೊರಡುವ ದಿನ ಅವ್ವ ಬೆಂಡೋಲೆ ಬಿಚ್ಚಿ ನನ್ನ ಕಿವಿಗೆ ಹಾಕಿದಳು. ಏನೂ ಸಿಗದಿದ್ದರೆ ಏನು ಮಾಡಲಿ ಅಂತ ಕೇಳಿದೆ. "ಇಲ್ಲ ಅಂದ್ರೆ ಇಲ್ಲ ಅಂತ ಬಂದು ಹೇಳು" ಅಂದಳು. "ನನ್ನ ಸಮಾಧಾನಕ್ಕಂತ ಸುಳ್ಳು ಹೇಳ್ಬ್ಯಾಡ. ಅಷ್ಟೇ ನಾನು ಕೇಳೋದು."

ವಿಮಾನ ನಿಲ್ದಾಣ

ಇಂಗ್ಲೆಂಡಿನಲ್ಲಿ ಇಳಿದಾಗ, ಬಾಣಂತಿ ಸಾಮಾನು ತುಂಬಿದ ಪೆಟ್ಟಿಗೆ ನೋಡಿ ಅಲ್ಲಿನ ಅಧಿಕಾರಿಯ ಹುಬ್ಬು ಮೇಲೇರಿತು. ಒಣಶುಂಠಿ, ಮೆಣಸು, ಬಜೆ, ಅಂಟುವಾಳದ ಪುಡಿ, ಎಲ್ಲ ಒಂದೊಂದೇ ತೆಗೆದು ಮೂಸಿದ. ಅಂಟುವಾಳ ಮೂಸಿ ಮೂರು ಸಲ ಸೀನಿದ. ಇದು ಏನು ಅಂತ ಕೇಳಿದ್ದಕ್ಕೆ ನನಗೆ ಇಂಗ್ಲಿಷ್ ಬರಲಿಲ್ಲ, ತಲೆಗೆ ತಿಕ್ಕಿ ತೋರಿಸಿದೆ. ಅವನ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ತನ್ನ ಬೋಳು ತಲೆ ಸವರಿಕೊಂಡು ನಕ್ಕು ಬಿಟ್ಟುಬಿಟ್ಟ.

ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಓಲೆ ಬಿಚ್ಚಿ ತಟ್ಟೆಯಲ್ಲಿ ಇಡಿ ಅಂದಿದ್ದರು. ಇಟ್ಟೆ, ಆದರೆ ಕಣ್ಣು ತಟ್ಟೆ ಬಿಟ್ಟು ಕದಲಲಿಲ್ಲ. ಹಾಗೇ ಅಡ್ಡಡ್ಡ ನಡೆಯುತ್ತಾ ಒಬ್ಬ ಬಿಳಿಯನ ಕಾಲು ತುಳಿದೆ. ಅವನೇ ನನಗೆ ಸಾರಿ ಅಂದ. ಆಮೇಲೆ ತಿಳಿಯಿತು, ಆ ದೇಶವೇ ಹಾಗೆ. ತುಳಿಸಿಕೊಂಡವರೇ ಕ್ಷಮೆ ಕೇಳುತ್ತಾರೆ. ನಮ್ಮ ಸಂತೆಯಲ್ಲಿ ತುಳಿದವನೂ ಬೈಯುತ್ತಾನೆ, ತುಳಿಸಿಕೊಂಡವನೂ ಬೈಯುತ್ತಾನೆ, ಲೆಕ್ಕ ಅಲ್ಲಿಗೆ ಚುಕ್ತಾ.

ಬಾಣಂತಿ ಮನೆ

ಸಹನಾಳಿಗೆ ಗಂಡು ಮಗು. ನಾನು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀವಿ ಬಿಸಿನೀರು ಹುಯ್ಯುವುದನ್ನು ನೋಡಲು ಅಲ್ಲಿನ ಸೂಲಗಿತ್ತಿ ನರ್ಸಮ್ಮ ಬಂದಿದ್ದಳು. ಮೊದಲ ತಂಬಿಗೆಗೆ ಎದ್ದು ನಿಂತಳು. ನೀರು ಮುಟ್ಟಿ ನೋಡಿ ಕೂತಳು. ಮಗು ನಿದ್ದೆ ಹೋದಾಗ ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಹೋಗುವಾಗ ನನ್ನ ಕೈ ಹಿಡಿದು ಕುಲುಕಿದಳು. ಏನು ಬರೆದಳೋ ಗೊತ್ತಿಲ್ಲ, ಮತ್ತೆ ಬೇಡ ಅನ್ನಲಿಲ್ಲ.

ಅಕ್ಕಪಕ್ಕದ ಮನೆಯವರು ತಿಂಗಳು ಕಳೆದರೂ ನೀನು ಯಾರ ಪೈಕಿ, ಯಾವ ಊರು, ಮಕ್ಕಳೆಷ್ಟು ಅಂತ ಒಬ್ಬರೂ ಕೇಳಲಿಲ್ಲ. ಹವಾಮಾನ ಮಾತ್ರ ಕೇಳುತ್ತಾರೆ. ಹೊರಗೆ ಅವರೂ ನಿಂತಿರುತ್ತಾರೆ, ಅವರಿಗೂ ಗೊತ್ತಿರುತ್ತದೆ, ಆದರೂ ಕೇಳುತ್ತಾರೆ. ನಮ್ಮ ಗೋವಿನಕೋವಿ ಬಸ್ಸಿನಲ್ಲಿ ಕಾಲು ತಾಸು ಕೂತರೆ ನನ್ನ ಗಂಡನ ಸಕ್ಕರೆ ಕಾಯಿಲೆಯವರೆಗೂ ಜನಕ್ಕೆ ತಿಳಿದಿರುತ್ತದೆ.

ಮ್ಯೂಸಿಯಂಗೆ ಸಹನಾ ಮೊದಲೇ ಇಮೇಲ್ ಬರೆದಿದ್ದಳು. ಬರಬಹುದು ಅಂತ ಉತ್ತರ ಬಂತು. ಬಾಣಂತಿಯನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಫೋನಿನಲ್ಲಿ ನಾನೇ ದುಭಾಷಿ ಆಗುತ್ತೇನೆ, ನೀನು ಧೈರ್ಯವಾಗಿ ಹೋಗು ಚಿಗವ್ವ ಅಂದಳು.

ಬಸ್ಸು

ಆ ದೇಶದಲ್ಲಿ ಬಸ್ಸಿಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಹೊನ್ನಾಳಿಯಲ್ಲಿ ನಾನೊಮ್ಮೆ ಹೇಳಿ ನೋಡಬೇಕು, ಡ್ರೈವರು ಬಸ್ ನಿಲ್ಲಿಸಿ ನನ್ನ ಜ್ವರ ನೋಡಿಯಾನು. ಇಳಿಯುವ ಜಾಗ ಬಂದಾಗ ಗುಂಡಿ ಒತ್ತಬೇಕು ಅಂತ ಸಹನಾ ಹೇಳಿಕೊಟ್ಟಿದ್ದು ಗಾಬರಿಯಲ್ಲಿ ಮರೆತೇ ಹೋಯಿತು. ಎದ್ದು ನಿಂತು ನಮ್ಮ ಕಂಡಕ್ಟರುಗಳ ಹಾಗೆ "ಹೋಲ್ಡಾನ್" ಅಂತ ಕೂಗಿದೆ. ಬಸ್ ನಿಲ್ಲಲಿಲ್ಲ. ಒಳಗಿದ್ದವರೆಲ್ಲ ಗಾಬರಿಯಿಂದ ಕಂಬಿ ಗಟ್ಟಿಯಾಗಿ ಹಿಡಿದುಕೊಂಡು ನನ್ನ ಮುಖ ನೋಡಿದರು. ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದೆ.

ದಾರಿಯುದ್ದಕ್ಕೂ ಒಂದೇ ಯೋಚನೆ. ಇಷ್ಟು ವರ್ಷ ಅಜ್ಜ ನಿರಪರಾಧಿ ಅಂತ ನಾವು ನಂಬಿದ್ದೇವೆ. ನಂಬುವುದಕ್ಕೆ ಏನೂ ಖರ್ಚಿಲ್ಲ. ಮುಚ್ಚಳ ತೆಗೆದಾಗ ಒಳಗೆ ಬೋಳು ತಗಡು ಕಂಡರೆ? ಸುಳ್ಳು ಹೇಳಬೇಡ ಅಂದಿದ್ದಾಳೆ ಅವ್ವ. ಒಮ್ಮೆ ಬಸ್ ಹತ್ತಿ ವಾಪಸು ಹೋಗಿಬಿಡೋಣ ಅನ್ನಿಸಿತು. ನಿಜ ಹೇಳುತ್ತಿದ್ದೇನೆ.

ಆ ಕೋಣೆ

ಮ್ಯೂಸಿಯಂ ನಮ್ಮ ತಾಲೂಕು ಆಫೀಸಿಗಿಂತ ಚಿಕ್ಕದು. ನೋಡಿಕೊಳ್ಳುವಾಕೆಯ ಹೆಸರು ಹೆಲೆನ್, ನನ್ನದೇ ವಯಸ್ಸು. ಬ್ಯಾಗು ಹೊರಗಿಡಿಸಿದಳು, ಪೆನ್ನು ಬೇಡ ಅಂತ ಪೆನ್ಸಿಲ್ ಕೊಟ್ಟಳು, ಕೈಗೆ ಗ್ಲೌಸು ಹಾಕಿಸಿದಳು. ನನ್ನ ಗಾಜಿನ ಬಳೆಗಳ ಮೇಲೆ ಅವಳ ಕಣ್ಣು ಬಿತ್ತು. ನಾನೇ ಕರ್ಚೀಫು ಸುತ್ತಿ ಸದ್ದು ನಿಲ್ಲಿಸಿದೆ. ಫೋನು ಮೇಜಿನ ಮೇಲೆ, ಅದರಲ್ಲಿ ಸಹನಾ, ಅವಳ ಹಿಂದೆ ಮಗುವಿನ ಅಳು. ಹೀಗೆ ನಮ್ಮ ಸಭೆ ಸೇರಿತು.

ಒಂದು ಮೆತ್ತನೆಯ ದಿಂಬಿನ ಮೇಲೆ ಸರದಾರನನ್ನು ತಂದಿಟ್ಟಳು. ಅಜ್ಜನೂ ಒಡವೆ ತೋರಿಸುವಾಗ ಕೆಂಪು ಬಟ್ಟೆ ಹಾಸುತ್ತಿದ್ದನಂತೆ. ಬಂಗಾರಕ್ಕೆ ಎಲ್ಲ ದೇಶದಲ್ಲೂ ಹಾಸಿಗೆ ಬೇಕು.

ಎಷ್ಟು ಚಿಕ್ಕ ಮನುಷ್ಯ. ಇವನಿಂದ ಎಷ್ಟು ದೊಡ್ಡ ರಂಪ. ಕೋಟಿನ ಕೆಂಪು ನಿನ್ನೆ ಬಳಿದ ಹಾಗಿತ್ತು. ಹೆಗಲ ಜರಿಯ ಒಂದೊಂದು ಎಳೆ, ಗುಂಡಿಗಳ ಮಿಂಚು, ಗಲ್ಲದ ಮೇಲೆ ಚಳಿಗೆ ಏರಿದ ರಂಗು, ಎಲ್ಲ ಹಾಗೇ ಇತ್ತು. ಯುದ್ಧ ಗೆದ್ದವನೋ ಸೋತವನೋ ಅವರಿಗೂ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲವಂತೆ. ಮೂಗು ಮಾತ್ರ ಗಿಣಿಯದೇ. ಅವ್ವ ಸರಿಯಾಗಿ ಹೇಳಿದ್ದಳು.

ಹೆಲೆನ್ ಭೂತಗನ್ನಡಿ ಕೊಟ್ಟು ಒಂದು ಕಡೆ ತೋರಿಸಿದಳು. ಕಟ್ಟಿನ ಸಂದಿಯಲ್ಲಿ, ಸರದಾರನ ತಲೆಯ ಮೇಲ್ಗಡೆ, ಕೆಂಪಗೆ ಏನೋ ಅಂಟಿತ್ತು. ಇದು ಏನು ಅಂತ ನಮಗೆ ತಿಳಿದಿಲ್ಲ, ತಿಳಿಯದೆ ಒರೆಸಬಾರದು ಅಂತ ಬಿಟ್ಟಿದ್ದೇವೆ ಅಂತ ಅವಳು ಹೇಳಿದ್ದನ್ನು ಸಹನಾ ಕನ್ನಡ ಮಾಡಿದಳು. ಆ ಹೆಂಗಸಿನ ಮೇಲೆ ನನಗೆ ಅಲ್ಲೇ ಗೌರವ ಬಂತು. ತಿಳಿಯದ್ದನ್ನು ಒರೆಸದೆ ಬಿಡುವವರು ಎಷ್ಟು ಜನ ಇದ್ದಾರೆ?

ನಾನು ಹೇಳಿದೆ. ಹಿರೇರ ಹಬ್ಬ, ಆರನೇ ಎಲೆ, ಹೋಳಿಗೆ, ಕುಂಕುಮ, ಅಂಟುವಾಳ, ಎಲ್ಲ. ಸಹನಾ ಮಗುವಿಗೆ ಹಾಲು ಕುಡಿಸುತ್ತಾ ಹೇಳುತ್ತಾ ಹೋದಳು. ಹೆಲೆನ್ ಪೆನ್ಸಿಲ್ ಕೆಳಗಿಟ್ಟು ಸರದಾರನತ್ತ ನೋಡಿದಳು. ಆಮೇಲೆ ಏನೋ ಕೇಳಿದಳು.

"ಚಿಗವ್ವ, ಅವ್ರು ಕೇಳ್ತಾರೆ, ಇವ್ನಿಗೆ ಅಂತ ಆಮೇಲೆ ಯಾರಾದ್ರೂ ಊಟ ಇಟ್ಟಿದ್ರಾ ಅಂತ."

ಇಲ್ಲ, ಒಂದೇ ಸಲ, ನ್ಯಾಮತಿಯಲ್ಲಿ ಅಂದೆ.

ಇನ್ನು ಮುಚ್ಚಳ. ತೆಳ್ಳನೆಯ ಕಡ್ಡಿಯೊಂದನ್ನು ಅಂಚಿಗೆ ಹಾಕಿ ಅವಳು ಮೀಟಿದಳು. ನಾನು ಕಣ್ಣು ಮುಚ್ಚಿಕೊಂಡೆ. ಟಕ್ ಅಂತು. ಕಣ್ಣು ಬಿಟ್ಟೆ.

ಮುಚ್ಚಳದ ಒಳಮೈಯಲ್ಲಿ ಮೂರು ಕಾಳು. ಒಲೆಯ ಗುಂಡಿನ ಹಾಗೆ.

ಬಲಗಿವಿಯ ಬೆಂಡೋಲೆ ಬಿಚ್ಚಿ ತಿರುಗಿಸಿ ಮುಚ್ಚಳದ ಪಕ್ಕದಲ್ಲಿ ಇಟ್ಟೆ. ಹೆಲೆನ್ ಭೂತಗನ್ನಡಿ ತೆಗೆದುಕೊಂಡು ಅದನ್ನು ನೋಡಿದಳು, ಇದನ್ನು ನೋಡಿದಳು, ಮತ್ತೆ ಅದನ್ನು ನೋಡಿದಳು. ಆಮೇಲೆ ಗ್ಲೌಸು ತೆಗೆದು ಕಣ್ಣೊರೆಸಿಕೊಂಡಳು. ನಾನು ಅತ್ತೆನೋ ಇಲ್ಲವೋ ಬರೆಯುವುದಿಲ್ಲ.

ಆದರೆ ನಾನು ಅಕ್ಕಸಾಲಿ ಮೊಮ್ಮಗಳು. ಕಾಳು ಕಂಡರೆ ಸಾಲದು, ಊರು ಕೇಳುವುದು ತೂಕ. ತೂಗಿ ನೋಡಬೇಕು ಅಂದೆ. ಸಹನಾ ಬೇಡ ಚಿಗವ್ವ, ಇಷ್ಟು ಸಾಕು ಅಂದಳು. ಅವಳಿಗೂ ಭಯ. ಸಾಲದು, ಕೇಳು ಅಂದೆ. ಪದಕದ ಜೊತೆ ಆ ಮನೆಯವರ ಹಳೆಯ ಕಾಗದಗಳೂ ಮ್ಯೂಸಿಯಂಗೆ ಬಂದಿದ್ದವು. ಅವರು ಹಿಂದೂಸ್ಥಾನಕ್ಕೆ ಹೊರಡುವ ಮುಂಚೆ ಮನೆಯ ಒಡವೆಗಳನ್ನೆಲ್ಲ ತೂಗಿಸಿ ಬರೆದಿಟ್ಟ ಪಟ್ಟಿಯೊಂದು ಅದರಲ್ಲಿತ್ತು. ಹೆಲೆನ್ ಅದನ್ನು ತಂದಳು. ಗಾಜಿನ ಗೂಡಿನ ಪುಟ್ಟ ತಕ್ಕಡಿಯನ್ನೂ ತಂದಳು. ಮುಚ್ಚಳ ಹಾಕಿ ಸರದಾರನನ್ನು ಅದರಲ್ಲಿ ಕೂರಿಸಿದಳು. ಅಂಕಿ ನಿಂತಿತು. ಕಾಗದ ನೋಡಿದಳು, ಅಂಕಿ ನೋಡಿದಳು, ಹುಬ್ಬು ಗಂಟಿಕ್ಕಿದಳು.

ಕಡಿಮೆ ಬಂತಾ ಅಂತ ಕೇಳಿದೆ.

"ಇಲ್ಲ ಚಿಗವ್ವ" ಅಂದಳು ಸಹನಾ. "ಹೆಚ್ಚೈತಂತೆ."

ಹೆಚ್ಚಿದ್ದದ್ದು ಒಂದು ಗುಲಗಂಜಿಯ ತೂಕಕ್ಕಿಂತ ಕಡಿಮೆ, ಆದರೂ ಹೆಚ್ಚೇ. ನನಗೆ ತಕ್ಷಣ ಹೊಳೆಯಿತು. ಬೆಸುಗೆ ಹಾಕುವಾಗ ಅಕ್ಕಸಾಲಿ ತನ್ನದೊಂದಿಷ್ಟು ಬಂಗಾರ ಸೇರಿಸಬೇಕಾಗುತ್ತದೆ, ಅದಿಲ್ಲದೆ ಕಾಳು ಹಿಡಿಯುವುದಿಲ್ಲ. ನಮ್ಮಜ್ಜಿಯ ಕುಂಕುಮದ ತೂಕ ಕಳೆದರೂ ಹೆಚ್ಚೇ. ಅಂದರೆ ನಮ್ಮಜ್ಜ ಆ ಪದಕದಿಂದ ಏನೂ ತೆಗೆದಿರಲಿಲ್ಲ. ತನ್ನದನ್ನೇ ಹಾಕಿ ಕಳಿಸಿದ್ದ.

ಮ್ಯೂಸಿಯಂನ ಪುಸ್ತಕದಲ್ಲಿ ಮುಚ್ಚಳದ ಬಗ್ಗೆ, ಭಾರತದ ಯಾರೋ ಕೆಲಸಗಾರ ಮಾಡಿದ್ದು ಅಂತ ಇತ್ತಂತೆ. ಹೆಲೆನ್ ಆ ಸಾಲಿನ ಪಕ್ಕದಲ್ಲಿ ಅಜ್ಜನ ಹೆಸರನ್ನು ಹೊಸದಾಗಿ ಬರೆದಳು. ಹೆಸರನ್ನು ನಿಮ್ಮ ಅಕ್ಷರದಲ್ಲೂ ಬರೆಯಿರಿ ಅಂತ ಪೆನ್ಸಿಲ್ ನನ್ನ ಕಡೆ ಚಾಚಿದಳು. ಅಳತೆಯ ಅಂಕಿ ಬರೆದು ಬರೆದು ನನ್ನ ಕೈಬರಹ ಕೆಟ್ಟಿದೆ, ಆದರೂ ದುಂಡಗೆ ಬರೆದೆ. ಮೌನಾಚಾರಿ, ಅಕ್ಕಸಾಲಿ, ನ್ಯಾಮತಿ. ಸರದಾರನಿಗೇ ಅಲ್ಲಿ ಹೆಸರಿಲ್ಲ. ನಮ್ಮಜ್ಜನಿಗಿದೆ.

ಹೊನ್ನಾಳಿಗೆ ಫೋನು

ಹೆಲೆನ್ ಒಪ್ಪಿದ ಮೇಲೆ ಅಲ್ಲಿಂದಲೇ ಅವ್ವನಿಗೆ ವಿಡಿಯೊ ಕಾಲ್ ಮಾಡಿದೆ. ಅಲ್ಲಿ ಸಂಜೆ ಟೀ ಹೊತ್ತು. ಮುಚ್ಚಳ ತೋರಿಸಿದೆ, ಪಕ್ಕದ ಓಲೆ ತೋರಿಸಿದೆ, ತೂಕದ ಮಾತು ಹೇಳಿದೆ. ಅವ್ವ ಫೋನನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡಳು.

"ಸುಳ್ಳಲ್ಲ ತಾನೇ?"

"ನಿನ್ನಾಣೆ ಇಲ್ಲವ್ವ."

"ತಡಿ ಹಂಗಾದ್ರೆ. ಬಾಗ್ಲು ತೆಗೀತೀನಿ, ಫೋನು ಜೋರು ಮಾಡ್ತೀನಿ. ಇನ್ನೊಂದ್ಸಲ ಹೇಳು. ಬೀದಿಗೆ ಕೇಳ್ಸಂಗೆ ಹೇಳು."

ಆಡಿಕೊಂಡವರು ಒಬ್ಬರೂ ಉಳಿದಿಲ್ಲ. ಅಡುಗೆಯವನಿಲ್ಲ, ಪೇಟೆಯ ನಾಲ್ಕು ಜನ ಇಲ್ಲ, ಓಲೆ ತೂಗಿಸಿದ ಬೀಗರಿಲ್ಲ. ಅದು ಹೊನ್ನಾಳಿ ಬೀದಿ, ನ್ಯಾಮತಿಯದೂ ಅಲ್ಲ. ಆದರೂ ಹೇಳಿದೆ. ಶಾಂತವಾದ ಆ ಕೋಣೆಯಲ್ಲಿ ನಿಂತು, ನಮ್ಮ ಸಂತೆಯ ಗಂಟಲಿನಲ್ಲಿ, ಮೌನಾಚಾರಿ ಒಂದು ಕಾಳೂ ಕದ್ದಿಲ್ಲ ಅಂತ ಕೂಗಿದೆ. ಪಕ್ಕದ ಕೋಣೆಯಿಂದ ಇಬ್ಬರು ಇಣುಕಿ ನೋಡಿ, ಅವರೇ ಸಾರಿ ಅಂದು ಹೋದರು.

ಕೊನೆಗೆ ಅವ್ವ ಕೇಳಿದ್ದು ಒಂದೇ. "ಆ ಯಮ್ಮ ಕುಂಕುಮ ಒರೆಸಿಲ್ಲ ಅಲ್ಲ? ಹಿರೇರ ಹಬ್ಬ ಯಾವತ್ತು ಬರ್ತದೆ ಅಂತ ಬರ್ಕೊಡು ಅವ್ರಿಗೆ. ಹೋಳಿಗೆ ಮಾಡಾಕೆ ಬರದಿದ್ರೆ ಬ್ಯಾಡ, ಒಂದ್ಲೋಟ ನೀರು ಇಡ್ಲಿ."

ಬರೆದುಕೊಟ್ಟು ಬಂದೆ.

ಈಗ ನಿಮ್ಮ ಸರದಿ. ಜಗಳೂರು ಕಡೆಯವರು, ಸೊಕ್ಕೆಯವರು, ಸೂಳೆಕೆರೆ ಸುತ್ತಿನವರು, ಗೋವಿನಕೋವಿಯವರು, ನಿಮ್ಮಜ್ಜಿಯರ ಓಲೆ, ತಾಳಿ, ಬುಗುಡಿ ಪೆಟ್ಟಿಗೆಯಲ್ಲಿ ಇದ್ದರೆ ತೆಗೆಯಿರಿ. ಹಿಂಬದಿಯಲ್ಲಿ ಮೂರು ಕಾಳು ಕಂಡರೆ ಕೆಳಗೆ ಫೋಟೊ ಹಾಕಿ, ಅದು ನಿಮ್ಮ ಮನೆಗೆ ಹೇಗೆ ಬಂತು ಅಂತ ಬರೆಯಿರಿ. ಕಾಳು ಇಲ್ಲದವರು, ನಿಮ್ಮ ಮನೆಯವರ ಮೇಲೆ ಊರು ಹೊರಿಸಿದ ಮಾತು ಯಾವುದು, ಅದು ಸುಳ್ಳು ಅಂತ ಹೇಗೆ ತಿಳಿಯಿತು, ಅದನ್ನಾದರೂ ಹೇಳಿ. ಒಂದೊಂದನ್ನೂ ಅವ್ವನಿಗೆ ಓದಿ ಹೇಳುತ್ತೇನೆ. ಬೆಂಡೋಲೆ ಮತ್ತೆ ಅವಳ ಕಿವಿಯಲ್ಲಿದೆ, ಈಗ ಯಾರು ಮನೆಗೆ ಬಂದರೂ ಬಿಚ್ಚಿ ಹಿಂಬದಿ ತೋರಿಸುತ್ತಾಳೆ. ಅವಳು ಹೇಳುವುದನ್ನೇ ನಾನೂ ನಿಮಗೆ ಹೇಳುತ್ತೇನೆ.

ಒಳಗೈತೆ. ತಿರುಗ್ಸಿ ನೋಡ್ರಿ.